ಗುಳೆ ಹೋದವರ ಪಡಿತರ ಚೀಟಿ



ತೊಗರಿ ರಾಶಿ ಮುಗಿಯುತ್ತಿದ್ದಂತೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ದುಡಿಮೆಗಾಗಿ ಊರು ಬಿಟ್ಟವರಲ್ಲಿ ನಾನೂ ಒಬ್ಬ. ಸರ್ಕಾರಿ ಸೌಲಭ್ಯ ಹುಡುಕಿಕೊಂಡು ನಾವು ಊರು ಬಿಡುವುದಿಲ್ಲ. ಕೆಲಸ ಹುಡುಕಿಕೊಂಡು ಬಿಡುತ್ತೇವೆ. ಆದರೆ ಮನೆಯಲ್ಲಿ ಯಾರು ಹೋಗಬೇಕು, ಯಾರು ಉಳಿಯಬೇಕು, ಯಾವಾಗ ಮರಳಬೇಕು ಎಂಬ ತೀರ್ಮಾನದಲ್ಲಿ ಸೌಲಭ್ಯದ ನಿಯಮಗಳ ಪಾಲೂ ಇದೆ.

ಹೊರದೇಶಕ್ಕೆ ಹೋದವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದಲ್ಲಿ ದುಡಿಯುವ ನಮ್ಮ ಎಂಜಿನಿಯರುಗಳ ಸಂಬಳದಿಂದ ಸಾಮಾಜಿಕ ಭದ್ರತೆಯ ತೆರಿಗೆ ಕಡಿತವಾಗುತ್ತದೆ. ಅಲ್ಲಿನ ವೃದ್ಧಾಪ್ಯ ಪಿಂಚಣಿಗೆ ಸುಮಾರು 10 ವರ್ಷದ ದುಡಿಮೆ ಬೇಕು. 8 ವರ್ಷಕ್ಕೇ ಊರಿಗೆ ಮರಳಿದರೆ ಕಟ್ಟಿದ ಹಣ ಅಲ್ಲೇ ಉಳಿಯಿತು. ‘ಇನ್ನೆರಡು ವರ್ಷ ಇದ್ದು ಹೋಗೋಣ’ ಎನಿಸುವುದು ಸಹಜ. ಜರ್ಮನಿಯೊಡನೆ ಭಾರತಕ್ಕೆ ಒಪ್ಪಂದವಿದೆ. ಎರಡೂ ದೇಶಗಳಲ್ಲಿ ದುಡಿದ ಅವಧಿಯನ್ನು ಕೂಡಿಸಿ ನೋಡುತ್ತಾರೆ. ಅಮೆರಿಕದೊಡನೆ ಅಂಥ ಒಪ್ಪಂದವಿಲ್ಲ.

ನಮ್ಮ ಗುಳೆಯವರಿಗೆ ಇಂಥದೇ ಗಂಟು ಪಡಿತರ ಚೀಟಿಯದು. ಬಹುಕಾಲ ಅದು ಊರಿನ ನ್ಯಾಯಬೆಲೆ ಅಂಗಡಿಗೇ ಕಟ್ಟುಬಿದ್ದಿತ್ತು: ಕೂಲಿ ಪುಣೆಯಲ್ಲಿ, ಅಕ್ಕಿ ಊರಲ್ಲಿ. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಗೆ ಕರ್ನಾಟಕ 2020ರಲ್ಲಿ ಸೇರಿತು. ಈಗ ಅದೇ ಚೀಟಿಯ ಮೇಲೆ ಹೊರರಾಜ್ಯದಲ್ಲೂ ಧಾನ್ಯ ಸಿಗುತ್ತದೆ. ಒಂದಿಷ್ಟು ಅಲ್ಲಿ, ಉಳಿದದ್ದು ಇಲ್ಲಿ ಎಂದೂ ಪಡೆಯಬಹುದು. ಆದರೆ ಅಲ್ಲಿ ಸಿಗುವುದು ಕೇಂದ್ರದ ಪಾಲು, ಬಿಪಿಎಲ್ ಕಾರ್ಡಿಗೆ ತಲೆಗೆ 5 ಕಿಲೋ. ಅನ್ನಭಾಗ್ಯದಲ್ಲಿ ನಮ್ಮ ರಾಜ್ಯ ಕೊಡುವ ಹೆಚ್ಚಿನ ಪಾಲು ಗಡಿ ದಾಟುವುದಿಲ್ಲ.

ಇದನ್ನೆಲ್ಲ ಶಾಲೆಯ ಅಂಗಳದಲ್ಲಿ ಯಾಕೆ ಹೇಳುತ್ತಿದ್ದೇನೆ? ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದು ಗುಳೆಯ ಕಾಲಕ್ಕೇ. ಅಪ್ಪ-ಅವ್ವ ಹೋದ ಮೇಲೆ ಮಗಳು ಅಜ್ಜಿಯ ಹತ್ತಿರ ಉಳಿದು ಓದಬೇಕಾದರೆ ಇಲ್ಲಿಯೂ ಒಲೆ ಉರಿಯಬೇಕು. ಚೀಟಿ ಎರಡೂ ಕಡೆ ನಡೆದರೆ ಅವಳು ಉಳಿಯುವುದು ಸುಲಭ. ನಡೆಯದಿದ್ದರೆ ಪುಸ್ತಕ ಮುಚ್ಚಿ ಅವ್ವನ ಹಿಂದೆ ಹೊರಡಬೇಕಾದೀತು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ವರ್ಷ ರಾಶಿಗೆ ಮೊದಲು ಒಂದು ರವಿವಾರ ಇಲ್ಲಿ ಕೂಡೋಣ. ಗುಳೆ ಹೋಗುವ ಮನೆಗಳ ಚೀಟಿಯಲ್ಲಿ ಎಲ್ಲರ ಹೆಸರು, ಆಧಾರ್ ಜೋಡಣೆ, ಇ-ಕೆವೈಸಿ ಸರಿ ಇವೆಯೇ ನೋಡೋಣ. ಕೊರತೆ ಇದ್ದರೆ ಅವರ ಜೊತೆ ನಾವೇ ನ್ಯಾಯಬೆಲೆ ಅಂಗಡಿಗೆ ಹೋಗೋಣ. ನಮಗೆ ಇದು ಅರ್ಧ ದಿನದ ಕೆಲಸ. ಆ ಮಕ್ಕಳಿಗೆ ಒಂದು ವರ್ಷದ ಓದು.