ನಮ್ಮ ದುಡಿಮೆಯ ಗಂಟೆ ಗೊತ್ತುಮಾಡುವವರು ಯಾರು?

(ಹೈದರಾಬಾದಿನ ಕನ್ನಡ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕೆಲವರು ಹಗಲಿನ ಪಾಳಿ ಮುಗಿಸಿ ಬಂದಿದ್ದೀರಿ, ಕೆಲವರು ಇಲ್ಲಿಂದ ರಾತ್ರಿಯ ಪಾಳಿಗೆ ಹೋಗಬೇಕು. ಆದುದರಿಂದ ನಿಮ್ಮನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ನಿಜಾಮರ ಕಾಲದಲ್ಲಿ ಈ ಊರಿನಲ್ಲಿ ಫರ್ಮಾನು ಹೊರಟರೆ ಅದೇ ಕಾನೂನು. 1952ರಲ್ಲಿ ಜನರು ಆರಿಸಿದ ಶಾಸನಸಭೆ ಬಂತು. ಗುಲ್ಬರ್ಗ, ರಾಯಚೂರು, ಬೀದರಗಳ ನಮ್ಮ ಪ್ರತಿನಿಧಿಗಳೂ 1956ರವರೆಗೆ ಇದೇ ಊರಿನ ಸಭೆಯಲ್ಲಿ ಕುಳಿತರು. ಕಾನೂನು ಮಾಡುವವನು ಜನರ ಮುಂದೆ ನಿಂತು ಕಾರಣ ಹೇಳಬೇಕಾದ ಕಾಲ ಬಂತೆಂದು ಆಗ ಎಲ್ಲರೂ ನಂಬಿದರು.

ಈಗ 2025ರ ಜುಲೈ ತಿಂಗಳ ಸಂಗತಿ ನೋಡಿ. ಇಲ್ಲಿಯ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ 1988ರದು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಶಾಸನಸಭೆಯೇ ಅದರಲ್ಲಿ ಬರೆದಿತ್ತು. ಜೊತೆಗೆ, ವಿನಾಯಿತಿ ಕೊಡುವ ಅಧಿಕಾರವನ್ನು ಸರಕಾರದ ಕೈಗೆ ಇತ್ತಿತ್ತು. ಆ ಅಧಿಕಾರದಿಂದಲೇ ಜುಲೈ 5ರಂದು ಒಂದು ಆಜ್ಞೆ ಹೊರಟಿತು. ಅಂಗಡಿಗಳನ್ನು ಬಿಟ್ಟು ಉಳಿದ ವಾಣಿಜ್ಯ ಸಂಸ್ಥೆಗಳಲ್ಲಿ ದಿನಕ್ಕೆ 10 ಗಂಟೆಯವರೆಗೆ ದುಡಿಸಬಹುದು; ಬಿಡುವು ಸೇರಿ 12 ಗಂಟೆ ಮೀರಕೂಡದು; ಹೆಚ್ಚುವರಿ ದುಡಿಮೆ ಮೂರು ತಿಂಗಳಿಗೆ 144 ಗಂಟೆ ದಾಟಕೂಡದು. ವಾರದ 48 ಗಂಟೆಯ ಮಿತಿ ಉಳಿಯಿತು, ಅದನ್ನು ಒಪ್ಪೋಣ. ಆದರೆ ಇದಕ್ಕಾಗಿ ಸಭೆಯ 119 ಮಂದಿ ಸದಸ್ಯರಲ್ಲಿ ಒಬ್ಬರೂ ಕೈಯೆತ್ತಬೇಕಾಗಲಿಲ್ಲ.

ಹೋಟೆಲಿನ ಅಡಿಗೆಮನೆ ಈ ಆಜ್ಞೆಯ ಲೆಕ್ಕದಲ್ಲಿ ಅಂಗಡಿಯೋ, ವಾಣಿಜ್ಯ ಸಂಸ್ಥೆಯೋ? ಸಪ್ಲಾಯರ್ ಆಗಲಿ, ಅಡಿಗೆಯವನಾಗಲಿ, ಲೋಟ ತೊಳೆಯುವ ಹುಡುಗನಾಗಲಿ ಕೇಳುವ ಮೊದಲನೆಯ ಪ್ರಶ್ನೆ ಇದು. ಮಸೂದೆಯಾಗಿ ಬಂದಿದ್ದರೆ ಯಾರಾದರೊಬ್ಬ ಸದಸ್ಯರು ಇದನ್ನು ಕೇಳಬಹುದಾಗಿತ್ತು. ಮಂತ್ರಿಗಳ ಉತ್ತರ ದಾಖಲೆಯಲ್ಲಿ ಉಳಿಯುತ್ತಿತ್ತು.

ತಮಿಳುನಾಡಿನಲ್ಲಿ 2023ರ ಏಪ್ರಿಲ್ 21ರಂದು 12 ಗಂಟೆಯ ದುಡಿಮೆಗೆ ಎಡೆಕೊಡುವ ಮಸೂದೆ ಸಭೆಗೆ ಬಂತು. ಆಳುವ ಪಕ್ಷದ ಮಿತ್ರರೇ ಎದ್ದು ಹೊರನಡೆದರು. ಮಸೂದೆ ಪಾಸಾಯಿತು ನಿಜ. ಆದರೆ ಸದ್ದು ಊರಿಗೆಲ್ಲ ಕೇಳಿತು, ಸಂಘಗಳು ಎದ್ದು ನಿಂತವು. ಮೇ ದಿನದಂದು ಮುಖ್ಯಮಂತ್ರಿಗಳು ಅದನ್ನು ಹಿಂತೆಗೆದುಕೊಂಡುದಾಗಿ ಸಾರಿದರು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ಶಾಸನಸಭೆ ಅಂಥದೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಸಭೆಗೆ ಬಂದ ಮಾತ್ರಕ್ಕೆ ನಮಗೆ ಗೆಲುವೆಂದು ನಾನು ಹೇಳುತ್ತಿಲ್ಲ. ಅಲ್ಲಿ ಒಪ್ಪಿದವರು ಯಾರೆಂದಾದರೂ ನಮಗೆ ಗೊತ್ತು.

ಗಿರಣಿಯ ಅಣ್ಣಂದಿರಿಗೂ ಇದು ತಟ್ಟುತ್ತದೆ. 1948ರ ಕಾರ್ಖಾನೆ ಕಾಯಿದೆಯಲ್ಲಿ ಪೀಕದಾನಿಗೂ ಒಂದು ಕಲಮು ಇತ್ತು! ಬಿಡುವು ಸೇರಿ ದಿನದ ದುಡಿಮೆ ಹತ್ತೂವರೆ ಗಂಟೆಯೊಳಗೆ ಮುಗಿಯಬೇಕೆಂದೂ ಕಾಯಿದೆಯೇ ಹೇಳುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ದಿನಕ್ಕೆ 8 ಗಂಟೆ ಎಂದು ಹೇಳಿ, ಅದನ್ನು ಎಷ್ಟು ಹೊತ್ತಿನಲ್ಲಿ ಹರಡಬಹುದು ಎಂಬುದನ್ನು ಸರಕಾರದ ಅಧಿಸೂಚನೆಗೆ ಬಿಟ್ಟಿದೆ. ಪೀಕದಾನಿಯನ್ನು ಅಧಿಕಾರಿಗೆ ಬಿಡಲಿ, ತಕರಾರಿಲ್ಲ. ಗಂಟೆಯನ್ನು ಬಿಡಬಾರದು.

ಸಭೆ ವರ್ಷದಲ್ಲಿ ಕೆಲವೇ ದಿನ ಕೂಡುತ್ತದೆ, ಪ್ರತಿಯೊಂದು ನಿಯಮವನ್ನೂ ಅಲ್ಲಿ ಚರ್ಚಿಸಲಾಗದು ಎಂದು ಸರಕಾರದವರು ಹೇಳುತ್ತಾರೆ. ಮಾತು ಸರಿ. ಇದಕ್ಕೆಂದೇ ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿ ಇದೆ. ಸರಕಾರ ಮಾಡಿದ ನಿಯಮಗಳು ಕಾಯಿದೆಯ ಎಲ್ಲೆ ದಾಟಿವೆಯೇ ಎಂದು ನೋಡುವುದು ಅದರ ಕೆಲಸ. ಆದರೆ ಅದು ನೋಡುವುದು ನಿಯಮ ಹೊರಟ ಮೇಲೆ. ಆ ಹೊತ್ತಿಗೆ ನೀವು ಹತ್ತು ಗಂಟೆ ನಿಂತು ದುಡಿದಾಗಿರುತ್ತದೆ.

ಕೂಲಿ, ಗಂಟೆ, ರಜೆ, ಈ ಮೂರನ್ನು ಮುಟ್ಟುವ ಯಾವ ಆಜ್ಞೆಯ ಕರಡೂ ಮೊದಲು ಶಾಸನಸಭೆಯ ಸಮಿತಿಗೆ ಹೋಗಬೇಕು. ಸಮಿತಿ ಕಾರ್ಮಿಕರನ್ನೂ ಮಾಲಿಕರನ್ನೂ ಕರೆದು ಕೇಳಬೇಕು. ಸಭೆ ಒಪ್ಪುವವರೆಗೆ ಅದು ಜಾರಿಗೆ ಬರಬಾರದು. ನಾವು ಕೇಳುವುದು ಇಷ್ಟೇ. ಕನ್ನಡದವರಾದರೇನು, ನಮ್ಮಲ್ಲಿ ಬಹುಮಂದಿಯ ಓಟು ಇದೇ ಊರಿನಲ್ಲಿದೆ. ಅರ್ಜಿಯ ಕರಡನ್ನು ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಬರೆಸಿ ಬಾಗಿಲ ಬಳಿ ಮೇಜಿನ ಮೇಲೆ ಇಟ್ಟಿದೆ. ಬಲ್ಲವರಿಂದ ಓದಿಸಿ ಕೇಳಿ, ತಿದ್ದಬೇಕಾದುದನ್ನು ತಿಳಿಸಿ, ಆಮೇಲೆ ರುಜು ಹಾಕಿ. ಯಾವ ಕ್ಷೇತ್ರದವರೆಂಬುದನ್ನು ಹೆಸರಿನ ಮುಂದೆ ಬರೆಯುವುದನ್ನು ಮರೆಯಬೇಡಿ.