ಉದ್ರಿ ಪುಸ್ತಕ



ಲಿಂಗೈಕ್ಯರಾದ ಅಜ್ಜನವರ ಸ್ಮರಣೆಗೆಂದು ನಾವೆಲ್ಲ ಇಂದು ಕೂಡಿದ್ದೇವೆ. ಎದುರಿಗೆ ಕುಳಿತ ಮೊಮ್ಮಕ್ಕಳು ಅವರನ್ನು ಅಂಗಡಿಯ ಅಜ್ಜನೆಂದೇ ಬಲ್ಲರು. ಸಿಪಾಯಿಯಾಗಿದ್ದಾಗ ಕಂಡವರು ಈಗ ಕೆಲವರೇ.

ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿ ಕವಾಯತು ಕಲಿತವರು ಅವರು. 1971ರ ಡಿಸೆಂಬರಿನಲ್ಲಿ ಅವರ ಒಂದನೆಯ ಪಲ್ಟನ್ನು ಬ್ರಹ್ಮಪುತ್ರವನ್ನು ದಾಟಿ ಜಮಾಲಪುರದ ದಕ್ಷಿಣಕ್ಕೆ ದಾರಿ ಕಟ್ಟಿ ಕುಳಿತಿತು. 10ರ ರಾತ್ರಿ ಒಳಗಿದ್ದ ಪಾಕಿಸ್ತಾನದ ಸೈನ್ಯ ಹೊರಬೀಳಲು ನುಗ್ಗಿತು. 11ರಂದು ಜಮಾಲಪುರ ಬಿದ್ದಿತು. ಇದು ಚರಿತ್ರೆ. ಅಜ್ಜನವರು ನಮಗೆ ಹೇಳಿದ್ದು ಇಷ್ಟೇ: “ಹೊಳಿ ದಾಟಿದ್ವಿ ಅಪ್ಪಾರ. ದಾಟಿದವರೆಲ್ಲಾ ತಿರುಗಿ ಬರಲಿಲ್ರಿ.”

ಊರಿಗೆ ಬಂದು ಕಿರಾಣಿ ಅಂಗಡಿ ಇಟ್ಟರು. ತಕ್ಕಡಿ ಸಮನಾದ ಮೇಲೂ ಬೆಲ್ಲದ ಒಂದು ಚೂರು ಮೇಲೆ ಬೀಳಬೇಕು. ಮಳೆ ಕೈಕೊಟ್ಟ ವರ್ಷ ಉದ್ರಿ ಕೊಟ್ಟರು, ಬರೆದುಕೊಂಡರು, ಕೇಳಲಿಲ್ಲ. ಸೊಸೆಗೆ ಇದರಿಂದ ಸಿಟ್ಟು. ಮನೆ ನಡೆಸುವವಳು ಆಕೆ, ಸಿಟ್ಟು ಬರಬೇಕಾದ್ದೇ.

ಮೊನ್ನೆ ಮೊಮ್ಮಗ ಆ ಪುಸ್ತಕ ತಂದು, “ವಸೂಲಿ ಮಾಡಲೇನ್ರಿ ಅಪ್ಪಾರ, ಹರಿದು ಒಗೀಲೇನ್ರಿ?” ಎಂದ. ತೆರೆದು ನೋಡಿದೆವು. ಕೆಲವು ಹೆಸರುಗಳನ್ನು ಅಜ್ಜನವರೇ ಗೆರೆ ಎಳೆದು ಹೊಡೆದಿದ್ದರು. ಎಲ್ಲವೂ ದುಡಿಯುವ ಗಂಡಸಿಲ್ಲದ ಮನೆಗಳು. ಅಜ್ಜ ಹೊಡೆದದ್ದನ್ನು ನೀನು ಮತ್ತೆ ಬರೆಯಬೇಡ ಎಂದೆವು. ಉಳಿದವರಲ್ಲಿ ಮೂವರು ಇಲ್ಲಿಯೇ ಕುಳಿತಿದ್ದಾರೆ. ಇಂದು ಮುಂಜಾನೆ ಯಾರೂ ಕೇಳದೆಯೇ ಅಂಗಡಿಗೆ ಹೋಗಿ ಕೊಟ್ಟು ಬಂದಿದ್ದಾರೆ.