'ಇಲ್ಲ' ಅಂದರೆ ನಂಬಬೇಡಿ!
(ಬಡವನಹಳ್ಳಿಯಲ್ಲಿ ಯುವಕರ ಮುಂದೆ ಆಡಿದ ಮಾತು)



ಬೆಂಗಳೂರಿನಿಂದ ಹಬ್ಬಕ್ಕೆಂದು ಬಡವನಹಳ್ಳಿಗೆ ಬಂದಿದ್ದೀರಿ. ನಿಮ್ಮಲ್ಲಿ ಹಲವರು ಕಂಪ್ಯೂಟರ್ ಕೆಲಸದವರು. ಇವತ್ತು ನಿಮ್ಮಿಂದ ಘೋಷಣೆ ಕೂಗಿಸುವುದಿಲ್ಲ. 'ಡಿಗ್' ಎಂಬ ಸಣ್ಣ ಕಮಾಂಡಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಕೇಳಿ.

ಇಂಟರ್ನೆಟ್ಟಿನ ಒಂದು ಹೆಸರು ಕೊಟ್ಟರೆ, ಡಿಗ್ ಅದರ ವಿಳಾಸವನ್ನು ಡಿಎನ್ಎಸ್‌ನಲ್ಲಿ ವಿಚಾರಿಸಿ ಹೇಳುತ್ತದೆ. ಡಿಎನ್ಎಸ್ 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆ. ನಮ್ಮ ಟಪಾಲಿನ ಹಾಗೆಯೇ: ಮೊದಲು ತುಮಕೂರು ಜಿಲ್ಲೆ, ಆಮೇಲೆ ಮಧುಗಿರಿ ತಾಲೂಕು, ಕೊನೆಗೆ ಬಡವನಹಳ್ಳಿ.

ಉತ್ತರದಲ್ಲಿ 'ಸ್ಟೇಟಸ್' ನೋಡಿ. 'ಎನ್ಎಕ್ಸ್ ಡೊಮೈನ್' ಅಂದರೆ ಅಂಥ ಊರೇ ಇಲ್ಲ. 'ನೋ ಎರರ್' ಎಂದಿದ್ದು ಉತ್ತರ ಸೊನ್ನೆಯಾದರೆ, ಊರಿದೆ, ನೀವು ಕೇಳಿದ ಮನೆ ಇಲ್ಲ. 'ಸರ್ವ್ ಫೇಲ್' ಅಂದರೆ ವಿಚಾರಿಸಲು ಹೋದವನೇ ಬರಿಗೈಯಲ್ಲಿ ವಾಪಸು ಬಂದ. ಮೂರನ್ನೂ ಒಂದೇ 'ಇಲ್ಲ' ಎಂದು ಓದಿದರೆ ರಾತ್ರಿಯೆಲ್ಲ ತಪ್ಪು ಜಾಗದಲ್ಲಿ ಹುಡುಕುತ್ತೀರಿ.

ಈಗ ನಮ್ಮ ಭಾಷೆಯ ವಿಷಯ. 2011ರಲ್ಲಿ ದೇವನಾಗರಿ, ತಮಿಳು, ತೆಲುಗು ಸೇರಿ ಏಳು ಲಿಪಿಗಳಲ್ಲಿ 'ಡಾಟ್ ಭಾರತ' ಬಂತು. ಆ ಸಾಲಿನಲ್ಲಿ ಕನ್ನಡ ಇರಲಿಲ್ಲ! ಕನ್ನಡದ್ದು ಬಂದದ್ದು ಆಮೇಲೆ. ಬಂದಿದೆಯಲ್ಲ, ಬಳಸೋಣ. ಆದರೆ ಡಿಎನ್ಎಸ್‌ನ ಒಳಗೆ ನಮ್ಮ ಅಕ್ಷರ ಹಾಗೇ ಹೋಗುವುದಿಲ್ಲ. 2003ರ ಪ್ಯೂನಿಕೋಡ್ ಪದ್ಧತಿಯಂತೆ ಕನ್ನಡದ 'ಭಾರತ' ಎಂಬುದು 'ಎಕ್ಸ್ ಎನ್, ಎರಡು ಹೈಫನ್, 2 ಎಸ್ ಸಿ ಆರ್ ಜೆ 9 ಸಿ' ಆಗುತ್ತದೆ.

ಎಡವುವುದು ಇಲ್ಲೇ. ಡಿಗ್‌ನ ಕೆಲವು ಆವೃತ್ತಿಗಳ ಇಂಗ್ಲಿಷ್ ಕೈಪಿಡಿಯಲ್ಲಿ ಕಣ್ಣು ತಪ್ಪಿಹೋಗುವ ಒಂದು ಸಾಲಿದೆ: ಉತ್ತರ ತೆರೆಯ ಮೇಲೆ ಬರುವುದಾದರೆ ಮಾತ್ರ ಈ ಪರಿವರ್ತನೆ ತಾನಾಗಿ ನಡೆಯುತ್ತದೆ. ಅದೇ ಕಮಾಂಡಿನ ಉತ್ತರವನ್ನು ಫೈಲಿಗೋ ಪೈಪಿಗೋ ಕಳಿಸಿದರೆ ನಡೆಯುವುದಿಲ್ಲ. ಆಗ ಉತ್ತರ 'ಎನ್ಎಕ್ಸ್ ಡೊಮೈನ್'! ಇಂಗ್ಲಿಷ್ ಪಟ್ಟಿ ಮಾತ್ರ ಹಿಡಿದು ಕೂತವನಿಗೆ 'ಬಡವನಹಳ್ಳಿ' ಎಂದು ಕನ್ನಡದಲ್ಲಿ ಬರೆದ ಚೀಟಿ ಕೊಟ್ಟರೆ 'ಅಂಥ ಊರೇ ಇಲ್ಲ' ಅನ್ನುತ್ತಾನೆ. ಊರು ಎಲ್ಲಿಗೆ ಹೋಯಿತು? ನಾವು ಅದರ ಮೇಲೇ ನಿಂತಿದ್ದೇವೆ!

ಈ ಸುಳ್ಳು 'ಇಲ್ಲ' ನೋಡಿ ಆಫೀಸಿನಲ್ಲಿ ಯಾರೋ 'ಕನ್ನಡದ ಹೆಸರು ನಡೆಯೋದಿಲ್ಲ, ಇಂಗ್ಲಿಷಿನಲ್ಲೇ ಇಡಿ' ಎಂದರೆ, ನೀವು ತಲೆಯಾಡಿಸುತ್ತೀರಾ? ಬೇಡ. ಕಮಾಂಡಿಗೆ 'ಪ್ಲಸ್ ಐಡಿಎನ್ಇನ್' ಸೇರಿಸಿ ಮತ್ತೆ ಕೇಳಿ. ನಿಮ್ಮ ಡಿಗ್‌ನಲ್ಲಿ ಆ ಸೌಲಭ್ಯ ಇಲ್ಲವೇ? 'ಎಕ್ಸ್ ಎನ್' ರೂಪವನ್ನೇ ಕೊಟ್ಟು ಕೇಳಿ. ಉತ್ತರ ಬರುತ್ತದೆ, ಅದನ್ನು ಮುಂದಿಟ್ಟು ಮಾತಾಡಿ.

ಬೋರ್ಡಿಗಾಗಿ ಹೋರಾಡಿದವರು ನಾವು. ಕೈಪಿಡಿಯ ಒಂದು ಸಾಲು ತಿಳಿಯದೆ ಕನ್ನಡದ ಹೆಸರನ್ನು ಬಿಟ್ಟುಕೊಡುವುದೇ? ಬೆಂಗಳೂರಿಗೆ ಮರಳಿದ ಮೇಲೆ ಆ ಸಾಲನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಕೂತ ಗೆಳೆಯನಿಗೆ ಕೊಡಿ. ಇಂದಿನ ಕೆಲಸ ಅಷ್ಟೇ.